ಪಣಂಬೂರು ಬಂದರಿನಿಂದ ಮೋಟಾರ್ ಗ್ರೇಡರ್ ಸಾಗಿಸುವಾಗ ಅಗಲ, ಎತ್ತರದ ತೊಂದರೆ: ನನ್ನ ಅನುಭವ

ಹಡಗಿನಲ್ಲಿ ಬಂದ ಮೋಟಾರ್ ಗ್ರೇಡರ್ (ಉದ್ದ ಬ್ಲೇಡಿನಿಂದ ರಸ್ತೆಯ ಮಣ್ಣು ಸಮ ಮಾಡುವ ಮೆಷಿನ್) ಹಾಸನದ ಕಡೆ ಹೋಗಬೇಕಿತ್ತು. ಟ್ರೇಲರ್ ಮೇಲೆ ಹತ್ತಿಸಿದರೆ ಬ್ಲೇಡ್ ಎರಡೂ ಕಡೆ ಹೊರಗೆ ಚಾಚುತ್ತಿತ್ತು. 12 ಅಡಿ ಬ್ಲೇಡ್ ಅಂದ್ರೆ 3.66 ಮೀಟರ್. ಗಾಡಿಯ ಅಗಲದ ಮಿತಿ 2.6 ಮೀಟರ್. ಎತ್ತರವೂ ಜಾಸ್ತಿ.

ಬ್ಲೇಡನ್ನು ಒಂದು ಪಕ್ಕಕ್ಕೆ ಸರಿಸಿದರೆ ಆ ಪಕ್ಕ ಇನ್ನೂ ಹೆಚ್ಚು ಚಾಚುತ್ತದೆ. ಟೈರ್ ಗಾಳಿ ಇಳಿಸಿದರೆ ಎತ್ತರ ಸ್ವಲ್ಪವೇ ಇಳಿಯುತ್ತದೆ, ಮೆಷಿನ್ ಮಾತ್ರ ಅಲುಗಾಡುತ್ತದೆ. ಬ್ಲೇಡ್ ಬಿಚ್ಚಿ ಬೇರೆ ಲಾರಿಗೆ ಹಾಕೋದು ಸುಮ್ನೆ ಖರ್ಚು.

ಸರಿಹೋದದ್ದು ಹೀಗೆ. ಮೊದಲು ಲೋ-ಬೆಡ್ ಟ್ರೇಲರ್ (ತಗ್ಗಾದ ಹಾಸಿನ ಟ್ರೇಲರ್) ತರಿಸಿ. ಗ್ರೇಡರ್ ಹತ್ತಿಸಿ, ಮುಂದಿನ ಚಕ್ರಗಳನ್ನು ವಾಲಿಸದೆ ನೆಟ್ಟಗೆ ನಿಲ್ಲಿಸಿ. ಬ್ಲೇಡನ್ನು ಮಧ್ಯಕ್ಕೆ ತನ್ನಿ. ಆಮೇಲೆ ಸರ್ಕಲ್ (ಬ್ಲೇಡ್ ತಿರುಗಿಸುವ ದೊಡ್ಡ ಬಳೆ) ತಿರುಗಿಸಿ, ಬ್ಲೇಡ್ ಚಾಸಿಯ ಉದ್ದಕ್ಕೆ ಓರೆಯಾಗಿ ಒಳಗೆ ಬರುವವರೆಗೆ. ಇಲ್ಲಿ ನಿಧಾನ ಬೇಕು: ಬ್ಲೇಡಿನ ತುದಿ ಟೈರಿನ ಪಕ್ಕಕ್ಕೂ ಏಣಿಗೂ ತಾಗಬಾರದು, ಒಬ್ಬರು ಕೆಳಗೆ ನಿಂತು ನೋಡಲೇಬೇಕು. ಬ್ಲೇಡನ್ನು ಮರದ ಹಲಗೆ ಮೇಲೆ ಇಳಿಸಿ. ಮೆಷಿನ್ ನಡುವೆ ಬಾಗುವ ಕೀಲು ಅಲುಗದಂತೆ ಆರ್ಟಿಕ್ಯುಲೇಶನ್ ಲಾಕ್ ಪಿನ್ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು ಎಂಜಿನ್ ಆರಿಸಿ. ನಾಲ್ಕು ಮೂಲೆಗೂ ಸರಪಳಿ ಬಿಗಿಯಿರಿ. ಕ್ಯಾಬಿನ್ ಮೇಲಿನ ಬೀಕನ್ ಲೈಟ್ ಬಿಚ್ಚಿ.

ಅಳತೆ ಈಗ ತೆಗೆಯಿರಿ, ಕಂಪನಿಯ ಕ್ಯಾಟಲಾಗ್ ನಂಬಬೇಡಿ. ಮಿತಿ ಮೀರಿದ ಲೋಡ್ ಸಾಗಿಸುವ ಪರ್ಮಿಟ್ ಅರ್ಜಿಯಲ್ಲಿ ಲೋಡ್ ಆದ ಮೇಲಿನ ಅಳತೆಯೇ ಇರಲಿ. ಸೈಲೆನ್ಸರ್ ಬಾಯಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಗಾಳಿಗೆ ಟರ್ಬೊ (ಎಂಜಿನ್‌ಗೆ ಗಾಳಿ ತಳ್ಳುವ ಫ್ಯಾನ್) ಆಯಿಲ್ ಇಲ್ಲದೆ ತಿರುಗಿ ಹಾಳಾಗುತ್ತದೆ. ಶಿರಾಡಿ ಘಾಟಿ ಹತ್ತುವ ಮೊದಲು ಸರಪಳಿ ಮತ್ತೊಮ್ಮೆ ಬಿಗಿಯಿರಿ, ಅಷ್ಟರಲ್ಲಿ ಸಡಿಲ ಆಗಿರುತ್ತದೆ. ಮಳೆಗಾಲದಲ್ಲಾದರೆ ಘಾಟಿ ತೆರೆದಿದೆಯಾ ಅಂತ ಹೊರಡುವ ದಿನವೇ ವಿಚಾರಿಸಿ.