ಒಂಟಿ ಜೋಳದ ಹೊಲಕ್ಕೆ ಊರ ಹಕ್ಕಿಯೆಲ್ಲ

ಗದಗ ಜಿಲ್ಲೆಯ ನಮ್ಮ ಕಡೆ ಎರೆ ಹೊಲಗಳೇ ಜಾಸ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಬೋರ್‌ವೆಲ್ ಇದ್ದವರು ಗೋವಿನಜೋಳ (ಮೆಕ್ಕೆಜೋಳ), ಸೂರ್ಯಕಾಂತಿ ಹಾಕುತ್ತಾರೆ. ಹಕ್ಕಿ ಕಾಟದ ಮಾತು ಬಂದರೆ ಎಲ್ಲರದೂ ಒಂದೇ ಉತ್ತರ: "ಹಕ್ಕಿ ಭಾಳ ಆಗ್ಯಾವ್ರೀ." ನನ್ನ ಲೆಕ್ಕ ಬೇರೆ. ನಮ್ಮೂರಲ್ಲಿ ಹಕ್ಕಿ ಹೆಚ್ಚಾಗಿದ್ದಕ್ಕಿಂತ ಜೋಳ ಕಡಿಮೆಯಾಗಿದ್ದೇ ದೊಡ್ಡ ಸಂಗತಿ.

ನಮ್ಮಪ್ಪ ಬೇಸಾಯ ಮಾಡುವಾಗ ಊರ ಸುತ್ತ ಎತ್ತ ನೋಡಿದರೂ ಬಿಳಿಜೋಳ. ಆಗಲೂ ಗುಬ್ಬಿ ಇದ್ದವು, ಗಿಳಿ ಇದ್ದವು. ಅವು ತಿನ್ನುತ್ತಿದ್ದದ್ದು ನೂರಾರು ಎಕರೆಗೆ ಹಂಚಿಹೋಗುತ್ತಿತ್ತು. ಒಬ್ಬೊಬ್ಬರ ಪಾಲಿಗೆ ಬರುತ್ತಿದ್ದ ನಷ್ಟ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಈಗ ಸುತ್ತಲೂ ಕಡಲೆ, ನಡುವೆ ಒಬ್ಬನದು ಎರಡು ಎಕರೆ ಜೋಳ. ಹಾಲುಗಾಳು ಕಟ್ಟುವ ಹೊತ್ತಿಗೆ ಊರ ಗುಬ್ಬಿಗೆಲ್ಲ ಅದೊಂದೇ ಛತ್ರ. ಮನೆಗೆ ರೊಟ್ಟಿಗೆ ಬೇಕು, ದನಕ್ಕೆ ಕಣಿಕೆ ಬೇಕು ಎಂದು ಜೋಳ ಉಳಿಸಿಕೊಂಡವನಿಗೇ ಪೆಟ್ಟು. "ಹಕ್ಕಿ ಕಾಯೋಕಾಗಲ್ಲ" ಅಂತ ಅವನೂ ಬಿಟ್ಟರೆ, ಮುಂದಿನ ವರ್ಷ ಉಳಿದೊಬ್ಬನ ಹೊಲಕ್ಕೆ ಇನ್ನೂ ಜಾಸ್ತಿ ಹಕ್ಕಿ.

ಇದು ಹೊಳೆದ ಮೇಲೆ ನಾನು ಅಂಗಡಿಯ ಸಾಮಾನು ಹುಡುಕುವುದಕ್ಕಿಂತ ಹೊಲ ನೋಡುವುದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಬದುವಿನ ಪಕ್ಕದ ಸಾಲುಗಳಲ್ಲಿ 20 ತೆನೆ, ಹೊಲದ ನಡುವೆ 20 ತೆನೆ ನೋಡಿ, ಎಷ್ಟರಲ್ಲಿ ಕಾಳು ಹೋಗಿದೆ ಅಂತ ಬರೆದುಕೊಳ್ಳುತ್ತೇನೆ. ಸುಮಾರು ಎಲ್ಲ ವರ್ಷವೂ ಬದುವಿನ ಕಡೆಯೇ ನಷ್ಟ ಹೆಚ್ಚು. ಅದರಲ್ಲೂ ಜಾಲಿ, ಬೇವಿನ ಗಿಡ, ಕರೆಂಟ್ ತಂತಿ ಇರುವ ಮಗ್ಗುಲು. ಹಕ್ಕಿ ಮೊದಲು ಮೇಲೆ ಕೂತು ಸುತ್ತ ನೋಡುತ್ತದೆ, ಆಮೇಲೆ ಇಳಿಯುತ್ತದೆ, ಹೆದರಿಕೆಯಾದರೆ ಮತ್ತೆ ಅಲ್ಲಿಗೇ ಹಾರುತ್ತದೆ. ಹೊಲದ ನಡುವಿಗೆ ಹೋಗುವ ಧೈರ್ಯ ಅದಕ್ಕೆ ಕಡಿಮೆ.

ಯಾವ ಹಕ್ಕಿ ಅನ್ನೋದೂ ತೆನೆಯಲ್ಲೇ ಗೊತ್ತಾಗುತ್ತದೆ. ಗುಬ್ಬಿ, ರಾಟವಾಳದಂಥ ಸಣ್ಣ ಹಕ್ಕಿಗಳು ಹಾಲುಗಾಳನ್ನು ಕೊಕ್ಕಿನಲ್ಲಿ ಹಿಂಡಿ ಹೀರುತ್ತವೆ. ಸಿಪ್ಪೆ ತೆನೆಯಲ್ಲೇ ಉಳಿಯುತ್ತದೆ. ಸೋರಿದ ಹಾಲು ಒಣಗಿ ತೆನೆಯ ಮೇಲೆ ಬಿಳಿ ಕಲೆಯಾಗಿ ನಿಲ್ಲುತ್ತದೆ. ಮುಂಜಾನೆ ಮಂಜು ಬಿದ್ದರೆ ಅಲ್ಲೇ ಬೂಷ್ಟು ಹಿಡಿದು ಪಕ್ಕದ ಚಲೋ ಕಾಳೂ ಕಪ್ಪಾಗುತ್ತದೆ. ಗಿಳಿಯದು ಬೇರೆ ರೀತಿ. ತಿನ್ನುವುದಕ್ಕಿಂತ ಕತ್ತರಿಸಿ ಬೀಳಿಸುವುದೇ ಹೆಚ್ಚು. ತೆನೆಯ ಎಸಳನ್ನೇ ಮುರಿದುಕೊಂಡು ಗಿಡಕ್ಕೆ ಹಾರಿ, ಕಾಲಲ್ಲಿ ಹಿಡಿದು ತಿಂದು, ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಬರುತ್ತದೆ. ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿ ದೊಡ್ಡ ದೊಡ್ಡ ಹಿಂಡಿನಲ್ಲಿ ಬರುತ್ತವೆ. ದೂರದ ಮಧ್ಯ ಏಷ್ಯಾ ಕಡೆಯಿಂದ ಬರುವ ನೆಂಟರು. ಹೊಲಕ್ಕೆ ಇಳಿದರೆ ಒಮ್ಮೆಗೇ ಇಳಿಯುತ್ತವೆ. ಆದರೆ ಇವು ಮಿಡತೆ, ಹುಳು ತಿನ್ನುವುದರಲ್ಲೂ ಎತ್ತಿದ ಕೈ. ಹಾಗಾಗಿ ಕಡಲೆ ಹೊಲದಲ್ಲಿ ಅವು ಕಂಡರೆ ನಾನು ಸುಮ್ನೆ ಬಿಡುತ್ತೇನೆ, ಜೋಳದಲ್ಲಿ ಕಂಡರೆ ಎಬ್ಬಿಸುತ್ತೇನೆ.

ಜೋಳಕ್ಕೆ ಕಾವಲು ಬೇಕಾಗುವುದು ಕಾಳು ಹಾಲು ಕಟ್ಟಿದಾಗಿನಿಂದ ಗಟ್ಟಿಯಾಗುವ ತನಕ. ಮೂರು, ಹೆಚ್ಚೆಂದರೆ ನಾಲ್ಕು ವಾರ. ನಮ್ಮಲ್ಲಿ ಇದು ಎಳ್ಳ ಅಮಾವಾಸ್ಯೆಯ ಆಸುಪಾಸಿಗೆ ಶುರು. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನಲು ನಮಗೆ ಯಾವಾಗ ಚಲೋ ಅನಿಸುತ್ತದೋ ಹಕ್ಕಿಗೂ ಆಗಲೇ. ದಿನದಲ್ಲೂ ಹೊತ್ತಿದೆ: ಬೆಳಕು ಹರಿದಾಗಿನಿಂದ ಒಂಬತ್ತರ ತನಕ, ಮತ್ತೆ ಸಂಜೆ ನಾಲ್ಕರಿಂದ ಹೊತ್ತು ಮುಳುಗುವ ತನಕ. ನಡುಮಧ್ಯಾಹ್ನ ಅಟ್ಟಣಿಗೆ ಮೇಲೆ ಕೂತು ಡಬ್ಬಿ ಬಡಿಯುವುದು ಹೆಚ್ಚಾಗಿ ವ್ಯರ್ಥ. ಆಗ ಹಕ್ಕಿಗಳು ನೆರಳಲ್ಲಿರುತ್ತವೆ, ನಾವೂ ಇರಬಹುದು.

ಅಪ್ಪ ಪುಂಡಿ ನಾರಿನ ಕವಣೆ ಹೆಣೆಯುತ್ತಿದ್ದ. ಕವಣೆಯಲ್ಲಿ ಕಲ್ಲಿಗಿಂತ ಅದರ ಸಪ್ಪಳ ಮುಖ್ಯ. ತುದಿಯ ನಾರು ಗಾಳಿಯಲ್ಲಿ ಚಟಾರ್ ಅಂದರೆ ಸಾಕು, ಹಿಂಡು ಏಳುತ್ತದೆ. ಕಲ್ಲು ಬೀಸಿದರೆ ನಮ್ಮ ತೆನೆಯೇ ಮುರಿಯುತ್ತದೆ, ಅಲ್ವಾ? ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಜೊತೆಗೆ ಹೊಳೆಯುವ ರಿಬ್ಬನ್ ಕಟ್ಟುತ್ತೇನೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಬೆಳ್ಳಿ ಬಣ್ಣ. ಗೂಟಗಳ ನಡುವೆ ಸುಮಾರು 10 ಮೀಟರ್, ಸಾಲಿನಿಂದ ಸಾಲಿಗೆ 5 ಮೀಟರ್, ಬೆಳೆಗಿಂತ ಒಂದೂವರೆ ಅಡಿ ಮೇಲೆ. ಉತ್ತರ ದಕ್ಷಿಣವಾಗಿ ಕಟ್ಟಿದರೆ ಬೆಳಗಿನ ಬಿಸಿಲೂ ಸಂಜೆ ಬಿಸಿಲೂ ಬೀಳುತ್ತದೆ. ರಿಬ್ಬನ್ನನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಎರಡು ಮೂರು ಸುತ್ತು ತಿರುಚಿ, ಸ್ವಲ್ಪ ಸಡಿಲ ಬಿಡಬೇಕು. ಆಗಲೇ ಗಾಳಿಗೆ ಗುಂಯ್ ಅನ್ನುತ್ತದೆ, ಬೆಂಕಿ ಕಿಡಿಯ ಹಾಗೆ ಮಿನುಗುತ್ತದೆ. ಮೋಡ ಕವಿದು ಗಾಳಿ ನಿಂತ ದಿನ ಇದು ಬರೀ ಪ್ಲಾಸ್ಟಿಕ್ ದಾರ.

ಇನ್ನು ಬೆದರುಬೊಂಬೆ, ಹಳೇ ಕ್ಯಾಸೆಟ್ ಟೇಪು, ಸಿ.ಡಿ., ಹಕ್ಕಿ ಚೀರಾಟ ಕೇಳಿಸುವ ಮಷಿನ್ ಎಲ್ಲವೂ ಒಂದಿಷ್ಟು ದಿನ ಕೆಲಸ ಮಾಡುತ್ತವೆ. ಆಮೇಲೆ ಗುಬ್ಬಿ ಬೊಂಬೆಯ ತಲೆ ಮೇಲೇ ಕೂರುತ್ತದೆ. ಯಾವುದೇ ಒಂದು ಬೆದರಿಕೆಗೆ ಹಕ್ಕಿ ಒಗ್ಗಿಕೊಳ್ಳಲು ಎರಡು ವಾರ ಸಾಕು. ಆದ್ದರಿಂದ ತೆನೆ ಹೊರಡುವ ಮೊದಲೇ ರಿಬ್ಬನ್ ಕಟ್ಟುವುದು ದಂಡ. ಹಾಲುಗಾಳು ಕಂಡ ದಿನ ಕಟ್ಟಬೇಕು. ಅದು ಹಳತಾಗುವ ಹೊತ್ತಿಗೆ ಸಪ್ಪಳ ಶುರು ಮಾಡಬೇಕು, ಜಾಗ ಬದಲಿಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ಒಂಟಿ ಹೊಲ ಒಂಟಿಯೇ. ಅದಕ್ಕೇ ಪಕ್ಕದ ಹೊಲದವರ ಜೊತೆ ಮಾತಿಗಿಳಿದೆ. ನಮ್ಮ ಬದುವಿನ ಆಚೆಯ ಹಿರಿಯರಿಗೆ, "ಕಾಕಾ, ಈ ಸಲ ನೀವೂ ಜೋಳ ಹಾಕ್ರಿ, ಒಂದೇ ವಾರದಾಗ ಬಿತ್ತೋಣು" ಅಂದೆ. "ಹದಾ ನೋಡಿ ಬಿತ್ತೋದು ಗೊತ್ತಪಾ, ಗುಬ್ಬಿ ನೋಡಿ ಬಿತ್ತೋದು ಇದ ಮೊದಲು ಕೇಳಿದ್ದು" ಅಂದರು. ಆಮೇಲೆ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಲೆಕ್ಕ ತೋರಿಸಿದೆ. 1 ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 835 ಅಡಿ. ನಾಲ್ವರ ನಾಲ್ಕು ಎಕರೆ ಒಂದೇ ಚೌಕವಾಗಿ ಕೂಡಿದರೆ ಸುಮಾರು 1,670 ಅಡಿ. ಅಂದರೆ ಎಕರೆಗೆ ಬರುವ ಅಂಚು ಅರ್ಧಕ್ಕರ್ಧ ಇಳಿಯಿತು. ಹಕ್ಕಿ ತಿನ್ನುವುದು ಅಂಚನ್ನೇ. ಕಾಯುವ ಪಾಳಿಯೂ ಹಂಚಿಹೋಗುತ್ತದೆ. ಕಾಕಾಗೆ ಪಾಳಿಯ ಲೆಕ್ಕ ಹೆಚ್ಚು ಹಿಡಿಸಿತು. ಒಂದೇ ತಳಿ, ಒಂದೇ ವಾರ ಬಿತ್ತುವುದು ಇದರಲ್ಲಿ ಮುಖ್ಯ. ಮುಂಚೆ ಹಾಲು ಕಟ್ಟಿದ ಹೊಲ, ಎಲ್ಲರಿಗಿಂತ ಕೊನೆಗೆ ಉಳಿದ ಹೊಲ, ಇವೆರಡಕ್ಕೂ ಪೆಟ್ಟು ಜೋರು. ಒಟ್ಟಿಗೇ ಹಾಲು ಕಟ್ಟಿದರೆ ಹಕ್ಕಿ ಹೊಟ್ಟೆ ತುಂಬಿದ ಮೇಲೂ ನಮಗೆ ಉಳಿಯುತ್ತದೆ.

ತಳಿಯಿಂದಲೂ ಒಂದಿಷ್ಟು ಬಚಾವಾಗಬಹುದು. ತೆನೆಯ ಮೈತುಂಬ ಮುಳ್ಳುಕೂದಲು ಇರುವ ಸಜ್ಜೆಗೆ ಗುಬ್ಬಿ ಕಡಿಮೆ. ಒಗರಿನ ಕೆಂಪುಜೋಳವನ್ನು ಹಕ್ಕಿ ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಆ ಒಗರು ರೊಟ್ಟಿಗೂ ಬರುತ್ತದೆ. ಬಿಳಿಜೋಳದ ರೊಟ್ಟಿ ತಿಂದು ಬೆಳೆದ ಮನೆಯಲ್ಲಿ ಈ ಸಲಹೆ ಕೊಡುವ ಧೈರ್ಯ ನನಗಿಲ್ಲ.

ಸೂರ್ಯಕಾಂತಿಗೆ ಗಿಳಿಯೇ ದೊಡ್ಡ ಶತ್ರು. ತೆನೆಯ ಅಂಚಿಗೆ ಕಾಲು ಕೊಟ್ಟು, ಬಗ್ಗಿ, ಒಂದೊಂದೇ ಕಾಳು ಎಳೆದು, ಸಿಪ್ಪೆ ಎರಡು ಹೋಳು ಮಾಡಿ ಕೆಳಗೆ ಬಿಡುತ್ತದೆ. ಬುಡದಲ್ಲಿ ಬಿದ್ದ ಹೋಳು ಸಿಪ್ಪೆ ನೋಡಿದರೆ ಎಷ್ಟು ಹೋಯಿತೆಂಬ ಅಂದಾಜು ಸಿಗುತ್ತದೆ. ಮುಖ ನೆಲಕ್ಕೆ ಬಾಗಿದ ತೆನೆಯಲ್ಲಿ ಕೂತು ತಿನ್ನುವುದು ಅದಕ್ಕೆ ಕಷ್ಟ, ಆಕಾಶ ನೋಡುವ ತೆನೆ ಸಲೀಸು. ಬೀಜ ತರುವಾಗ ನಾನು ತೆನೆ ಬಾಗುವ ತಳಿಯನ್ನೇ ಕೇಳುತ್ತೇನೆ. ಕೋಳಿಮೊಟ್ಟೆ ಒಡೆದು, ಲೀಟರ್ ನೀರಿಗೆ 20ರಿಂದ 25 ಮಿ.ಲೀ. ಕಲಕಿ, ಬಟ್ಟೆಯಲ್ಲಿ ಸೋಸಿ, ಅಂಚಿನ ಸಾಲುಗಳಿಗೆ ಹೊಡೆಯುತ್ತೇನೆ. ವಾಸನೆಗೆ ಗಿಳಿ ಹಿಂಜರಿಯುತ್ತದೆ. ಮಳೆ ಬಂದರೆ ಮತ್ತೆ ಹೊಡೆಯಬೇಕು. ಸೋಸದಿದ್ದರೆ ಪಂಪಿನ ನಾಜಲ್ ಕಟ್ಟಿಕೊಂಡು ನಾವೇ ಆ ವಾಸನೆಯಲ್ಲಿ ಒದ್ದಾಡಬೇಕು. ಗೋವಿನಜೋಳಕ್ಕೆ ಇನ್ನೂ ಸುಲಭದ ಉಪಾಯವಿದೆ. ಹೊರಗಿನ ಮೂರು ನಾಲ್ಕು ಸಾಲಿನ ತೆನೆಗಳಿಗೆ ಅದೇ ಗಿಡದ ಎಲೆ ಸುತ್ತಿ ಮುಚ್ಚಿದರೆ ಗಿಳಿಗೆ ತೆನೆ ಕಾಣುವುದಿಲ್ಲ. ಒಂದು ಪೈಸೆ ಖರ್ಚಿಲ್ಲ, ಕೈಗೆ ಕೆಲಸ ಮಾತ್ರ.

ಬಿತ್ತಿದಾಗಿನ ಕಾಟ ಕಡಿಮೆ ದಿನದ್ದು. ಕೂರಿಗೆ ಹಿಂದೆ ಸರಿಯಾಗಿ ಕುಂಟೆ ಹೊಡೆದು ಬೀಜ ಮುಚ್ಚಿದರೆ ಪಾರಿವಾಳ, ಬೆಳವಕ್ಕೆ ಅರ್ಧ ದಾರಿ ಮುಚ್ಚಿದ ಹಾಗೆ. ಮೊಳಕೆ ಕಿತ್ತು ಬುಡದ ಕಾಳು ತಿನ್ನುವ ಕಾಗೆ, ನವಿಲಿನ ಕಾಟ ಹತ್ತು ಹನ್ನೆರಡು ದಿನ. ಸಸಿ ಬೇರು ಬಿಟ್ಟು, ಕಾಳು ಕರಗಿದ ಮೇಲೆ ಮೊಳಕೆಗಾಗಿ ಅವು ಬರುವುದಿಲ್ಲ.

ನವಿಲಿನದು ಮಾತ್ರ ತಲೆನೋವು. ಕಡಲೆ, ಶೇಂಗಾ, ಮೆಣಸಿನಕಾಯಿ ಯಾವುದನ್ನೂ ಬಿಡುವುದಿಲ್ಲ. ರಿಬ್ಬನ್ನಿಗೆ ಕ್ಯಾರೇ ಅನ್ನುವುದಿಲ್ಲ. ಆದರೆ ಅದು ಹೆಚ್ಚಾಗಿ ನಡೆದುಕೊಂಡೇ ಹೊಲಕ್ಕೆ ನುಗ್ಗುವ ಹಕ್ಕಿ. ಬದುವಿಗೆ ಹಳೇ ಸೀರೆ ಕಟ್ಟಿದರೆ ಆಚೆ ಏನಿದೆಯೋ ಅಂತ ಅನುಮಾನಿಸಿ ತಿರುಗುತ್ತದೆ. ಕಾಳಿಗೆ ವಿಷ ಬೆರೆಸಿ ಚೆಲ್ಲುವವರು ಇದ್ದಾರೆ. ಅದನ್ನು ಕೇಳಿದರೇ ನನಗೆ ಸಿಟ್ಟು ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ಮೊದಲ ಪಟ್ಟಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಕಾನೂನು ಬಿಡಿ, ಆ ಕಾಳನ್ನು ತಿನ್ನುವುದು ನವಿಲೊಂದೇ ಅಲ್ಲ. ಕೋಳಿ, ನಾಯಿಯೂ ಸಾಯುತ್ತವೆ. ವಿಷ ತಾಗಿದ ಹುಳ ತಿಂದರೆ ಕಾಜಾಣಕ್ಕೂ ಅಪಾಯ.

ಕಾಜಾಣ ನನಗೆ ಬೇಕಾದ ಹಕ್ಕಿ. ಕಡಲೆಗೆ ಕಾಯಿಕೊರಕ ಬೀಳುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಡುತ್ತೇನೆ. ಅದು ಅಲ್ಲಿ ಕೂತು ಹುಳು ಆರಿಸಿ ತಿನ್ನುತ್ತದೆ. ರಾತ್ರಿ ಅದೇ ಕೋಲಿನ ಮೇಲೆ ಗೂಬೆ ಕೂತರೆ ಇಲಿಗೆ ಕಷ್ಟ. ಇವೇ ಕೋಲು ಜೋಳದ ಹೊಲದಲ್ಲಿದ್ದರೆ ಗುಬ್ಬಿಗೆ ಪೀಠ ಹಾಕಿಕೊಟ್ಟ ಹಾಗೆ, ಅದಕ್ಕೇ ಕಾಳು ಕಟ್ಟುವ ಮೊದಲು ಅಲ್ಲಿಂದ ಕಿತ್ತುಬಿಡುತ್ತೇನೆ.

ಕೊನೆಯದು ಕೊಯ್ಲು. ಜೋಳದ ಕಾಳನ್ನು ಬಿಡಿಸಿ ಬುಡ ನೋಡಿ. ಅಲ್ಲಿ ಕಪ್ಪು ಚುಕ್ಕೆ ಕಂಡರೆ ಕಾಳು ಬಲಿತಿದೆ, ಇನ್ನು ತೂಕ ಬರುವುದಿಲ್ಲ. ಸೂರ್ಯಕಾಂತಿ ತೆನೆಯ ಬೆನ್ನು ನಿಂಬೆಹಳದಿಗೆ ತಿರುಗಿದರೆ ಅದೂ ಅಷ್ಟೇ. ಆಮೇಲೂ ಹೊಲದಲ್ಲಿ ನಿಲ್ಲಿಸಿದರೆ ಗಿಳಿಗೆ ಬಿಟ್ಟ ಹಾಗೆ. ಕೊಯ್ಯುವ ಮಷಿನ್ ಬರಲಿ ಅಂತ ಹತ್ತು ದಿನ ಕಾಯುವವರಿದ್ದಾರೆ. ನಾನು ಆಳು ಹಚ್ಚಿ ತೆನೆ ಕೊಯ್ಯಿಸಿ ಕಣದಲ್ಲಿ ಒಣಗಿಸುತ್ತೇನೆ. ಕೂಲಿ ಜಾಸ್ತಿಯೇ ಬೀಳುತ್ತದೆ. ಆದರೆ ಕಣದಲ್ಲಿರುವ ತೆನೆಯನ್ನು ಒಂದು ತಾಡಪತ್ರಿ ಕಾಯುತ್ತದೆ, ಹೊಲದಲ್ಲಿರುವ ತೆನೆಯನ್ನು ನಾನೇ ನಿಂತು ಕಾಯಬೇಕು.