ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಜಂಕ್ಷನ್ ಪಾರ್ಕಿಂಗ್ ಮತ್ತು ಬ್ಲೂ ಬ್ಯಾಡ್ಜ್

ಯುಗಾದಿ, ರಾಜ್ಯೋತ್ಸವಕ್ಕೆ ನಾವು ಬಾಡಿಗೆಗೆ ಹಿಡಿಯುವ ಶಾಲೆಗಳಲ್ಲಿ ಕಾರು ನಿಲ್ಲಿಸುವ ಜಾಗ ಬೇಗ ತುಂಬುತ್ತದೆ. ತಡವಾಗಿ ಬಂದವರು ಪಕ್ಕದ ಬೀದಿಯ ತಿರುವಿನಲ್ಲೇ ಕಾರು ಬಿಟ್ಟು ಊಟಕ್ಕೆ ಓಡುತ್ತಾರೆ. ದಯವಿಟ್ಟು ಬೇಡ.

ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನ 243ನೇ ನಿಯಮದ ಪ್ರಕಾರ ಜಂಕ್ಷನ್ನಿನ ಎದುರಿಗೆ ಅಥವಾ ಅದರಿಂದ 10 ಮೀಟರ್ ಒಳಗೆ ಗಾಡಿ ನಿಲ್ಲಿಸಬಾರದು. ಪಾರ್ಕಿಂಗಿಗೆಂದೇ ಗುರುತು ಹಾಕಿದ್ದರೆ ಮಾತ್ರ ಸರಿ. 10 ಮೀಟರ್ ಅಂದರೆ ಎರಡು ಕಾರಿಗಿಂತ ಸ್ವಲ್ಪ ಜಾಸ್ತಿ. ಪಾರ್ಕಿಂಗ್ ನಿರ್ಬಂಧ ಸೂಚಿಸುವ ಹಳದಿ ಗೆರೆ ಇಲ್ಲ, ಹಾಗಾಗಿ ನಿಲ್ಲಿಸಬಹುದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೂಲೆಯಲ್ಲಿ ಕಾರು ನಿಂತರೆ ಒಳಬೀದಿಯಿಂದ ಬರುವವರಿಗೆ ರಸ್ತೆಯೇ ಕಾಣುವುದಿಲ್ಲ. ವೀಲ್‌ಚೇರ್, ಪ್ರಾಮ್ ದಾಟಲೆಂದು ಫುಟ್‌ಪಾತಿನ ಅಂಚನ್ನು ತಗ್ಗಿಸುವುದೂ ಹೆಚ್ಚಾಗಿ ಅಲ್ಲೇ. ಎರಡು ಚಕ್ರ ಫುಟ್‌ಪಾತಿಗೆ ಹತ್ತಿಸುವ ಅಭ್ಯಾಸವೂ ಬೇಡ. ಲಂಡನ್ನಿನಲ್ಲಿ 1974ರ ಕಾಯ್ದೆ ಅದನ್ನು ನಿಷೇಧಿಸಿದೆ, ಬೋರ್ಡ್ ಹಾಕಿ ಬಿಟ್ಟುಕೊಟ್ಟ ಕಡೆ ಮಾತ್ರ ರಿಯಾಯಿತಿ. ಕೌನ್ಸಿಲಿನ (ಸ್ಥಳೀಯ ಆಡಳಿತದ) ದಂಡದ ಚೀಟಿ ಬಂದರೆ ಸುಮ್ನೆ ಮೂಲೆಗೆ ಎಸೆಯಬೇಡಿ. 14 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಅರ್ಧ ಸಾಕು.

ಈಗ ಬ್ಲೂ ಬ್ಯಾಡ್ಜ್, ಅಂದರೆ ಅಂಗವೈಕಲ್ಯ ಇರುವವರಿಗೆ ಕೊಡುವ ಪಾರ್ಕಿಂಗ್ ಪರವಾನಗಿ. ನಮಗೆ ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆಯೇ. ಇದನ್ನು ಕೊಡುವುದು ವ್ಯಕ್ತಿಗೆ. ಅವರು ಮಗನ ಕಾರಿನಲ್ಲಿ ಕೂತರೂ ಸರಿ, ಟ್ಯಾಕ್ಸಿಯಲ್ಲಿ ಬಂದರೂ ಸರಿ. ಆದರೆ ಅಜ್ಜಿ ಮನೆಯಲ್ಲಿರುವಾಗ ಅವರ ಬ್ಯಾಡ್ಜ್ ಇಟ್ಟುಕೊಂಡು, ಅವರದೇ ಔಷಧಿ ತರಲು ಹೋದರೂ ತಪ್ಪು. ದುರುಪಯೋಗಕ್ಕೆ ದಂಡ 1,000 ಪೌಂಡ್‌ವರೆಗೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಬ್ಯಾಡ್ಜ್ ಇದ್ದರೆ ಹಳದಿ ಗೆರೆಯ ಮೇಲೆ 3 ಗಂಟೆವರೆಗೆ ನಿಲ್ಲಿಸಬಹುದು. ಬ್ಯಾಡ್ಜ್ ಜೊತೆ ಕೊಡುವ ರಟ್ಟಿನ ಗಡಿಯಾರದಲ್ಲಿ ಬಂದ ಹೊತ್ತು ತೋರಿಸಿ, ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತೆ ಇಡಿ. ಅಂಚುಕಲ್ಲಿನ ಮೇಲೂ ಹಳದಿ ಗುರುತಿದ್ದರೆ ಅಲ್ಲಿ ಸರಕು ಇಳಿಸುವುದಕ್ಕೂ ನಿರ್ಬಂಧವಿದೆ ಅಂತ ಅರ್ಥ. ಆ ನಿರ್ಬಂಧದ ಹೊತ್ತಿನಲ್ಲಿ ಬ್ಯಾಡ್ಜ್ ಇದ್ದರೂ ನಿಲ್ಲಿಸುವಂತಿಲ್ಲ. ಜಂಕ್ಷನ್ ಮೂಲೆಗಂತೂ ಬ್ಯಾಡ್ಜ್ ಪರವಾನಗಿಯೇ ಅಲ್ಲ.

ಅರ್ಜಿ ಹಾಕುವುದು ನೀವು ವಾಸವಿರುವ ಕೌನ್ಸಿಲಿಗೆ. ಶುಲ್ಕ ಹೆಚ್ಚೆಂದರೆ 10 ಪೌಂಡ್, ಸಾಮಾನ್ಯವಾಗಿ 3 ವರ್ಷ ನಡೆಯುತ್ತದೆ. ಕಣ್ಣಿಗೆ ಕಾಣದ ತೊಂದರೆಗಳನ್ನೂ 2019ರ ಆಗಸ್ಟ್‌ನಿಂದ ಪರಿಗಣಿಸುತ್ತಾರೆ. ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ಕೇಳುವುದಕ್ಕೇ ಹಿಂಜರಿಯುತ್ತಾರೆ. ಕೊಟ್ಟೇ ಕೊಡುತ್ತಾರೆ ಅಂತಲ್ಲ, ಆದರೂ ಅರ್ಜಿ ಹಾಕಿ. ಅಡ್ಡಿ ಏನು, ಅಲ್ವಾ? ಊರಿಂದ ತಂದ ಯುಡಿಐಡಿ ಕಾರ್ಡ್ (ಭಾರತದ ಅಂಗವಿಕಲರ ಗುರುತಿನ ಚೀಟಿ) ಇಲ್ಲಿ ಪಾರ್ಕಿಂಗಿಗೆ ನಡೆಯುವುದಿಲ್ಲ. ಡಾಕ್ಟರ ಪತ್ರಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಅರ್ಜಿಯ ಹೊತ್ತಿಗೆ ಬೇಕಾಗುತ್ತವೆ.

ಲಂಡನ್ನಿನ ನಡುಭಾಗದ ವೆಸ್ಟ್‌ಮಿನ್‌ಸ್ಟರ್, ಸಿಟಿ ಆಫ್ ಲಂಡನ್, ಕೆನ್ಸಿಂಗ್ಟನ್ ಮತ್ತು ಚೆಲ್ಸಿ, ಕ್ಯಾಮ್ಡನ್ನಿನ ಒಂದು ಭಾಗದಲ್ಲಿ ಬ್ಯಾಡ್ಜ್ ನಿಯಮಗಳೇ ಬೇರೆ. ಹೋಗುವ ಮುಂಚೆ ನೋಡಿಕೊಳ್ಳಿ. ಸೂಪರ್‌ಮಾರ್ಕೆಟ್‌ಗಳ ಕಾರ್ ಪಾರ್ಕಿನಲ್ಲಿ ಬ್ಯಾಡ್ಜ್ ಇದ್ದರೂ ದುಡ್ಡು ಕೇಳಬಹುದು. ಇಳಿದ ಕೂಡಲೇ ಅಲ್ಲಿನ ಬೋರ್ಡ್ ಓದಿ.