ಮರದ ಪಾದುಕೆಯ ಕಾಲ ಪರೀಕ್ಷೆ: ಚೂರು ತೆಗೆಯುವ ಮೊದಲು

ಶಿರಸಿ, ಕುಮಟಾ ಕಡೆಯ ಹಳೆ ಮನೆಗಳ ದೇವರ ಕೋಣೆಯಲ್ಲಿ ಇಂಥ ಯತಿಗಳದ್ದೆಂದು ಪೂಜೆಗೊಳ್ಳುವ ಪಾದುಕೆಗಳುಂಟು. ಅವರೇ ಮೆಟ್ಟಿದ್ದು ಎಂದು ಯಾವ ಪ್ರಯೋಗಾಲಯವೂ ಬರೆದುಕೊಡುವುದಿಲ್ಲ. ಮರ ಅವರ ಕಾಲದ್ದಲ್ಲ ಎಂದಾದರೆ ಮಾತ್ರ ಖಚಿತವಾಗಿ ಹೇಳಬಹುದು.

ಮೊದಲು ಖರ್ಚಿಲ್ಲದ ಕೆಲಸ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಅಡಿಭಾಗ ನೋಡಿ. ಚಕ್ರ ಗರಗಸದ ಕಮಾನು ಗೀರು ಕಂಡರೆ ಅದು ಇತ್ತೀಚಿನ ಕೆಲಸ. ಮರದ ಜಾತಿಯನ್ನು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತಿಸಿಕೊಳ್ಳಿ. ಅಕೇಶಿಯಾ (ಆರಿಕ್ಯುಲಿಫಾರ್ಮಿಸ್) ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಆಸ್ಟ್ರೇಲಿಯಾ ಕಡೆಯ ಆ ಮರ ನಮ್ಮ ಬೆಟ್ಟಕ್ಕೆ ಬಂದದ್ದು 20ನೇ ಶತಮಾನದಲ್ಲಿ.

ಯತಿಗಳು 1650ರ ಈಚಿನವರಾದರೆ ಇಂಗಾಲದ ಪರೀಕ್ಷೆಗೆ (ಮರದಲ್ಲಿ ಉಳಿದ ಇಂಗಾಲ-14 ಅಳೆದು ಕಾಲ ಹೇಳುವ ವಿಧಾನ) ದುಡ್ಡು ಹಾಕಬೇಡಿ. ಅಲ್ಲಿಂದ 1950ರವರೆಗಿನ ಮರಕ್ಕೆ ಉತ್ತರ ಹೆಚ್ಚುಕಡಿಮೆ ಒಂದೇ: ಮೂರು ಶತಮಾನದಲ್ಲಿ ಎಲ್ಲೋ ಒಂದು ಕಡೆ.

ಅದಕ್ಕಿಂತ ಹಳೆಯದಾದರೆ ಇಂಗಾಲ-14 ಅಳೆಯುವ ವೇಗವರ್ಧಕ ಯಂತ್ರಕ್ಕೆ (ಎಎಂಎಸ್) 50 ಮಿಲಿಗ್ರಾಂ ಸಾಕು, ಎರಡು ಅಕ್ಕಿಕಾಳಿನ ತೂಕ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ (ಐಯುಎಸಿ) ಈ ಯಂತ್ರವಿದೆ. ಚೂರನ್ನು ಹೊರಗಿನ ಬಿಳಿ ಭಾಗದಿಂದ ತೆಗೆಯಿರಿ. ಪರೀಕ್ಷೆ ಹೇಳುವುದು ಮರದ ಆ ಬೆಳವಣಿಗೆಯ ಉಂಗುರ ಬೆಳೆದ ವರ್ಷವನ್ನು, ಕೆತ್ತಿದ ವರ್ಷವನ್ನಲ್ಲ. ಹಳೇ ಸಾಗವಾನಿಯ ಚೇಗಿನ ಒಳಗಿಂದ ತೆಗೆದರೆ ನೂರಿನ್ನೂರು ವರ್ಷ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ.

ಫಲಿತಾಂಶ ಕೆಡುವುದು ಹೆಚ್ಚಾಗಿ ಎಣ್ಣೆಯಿಂದ. ಸಾವಿರ ವರ್ಷದ ಮರಕ್ಕೆ ಹೊಸ ತೆಂಗಿನೆಣ್ಣೆಯ ಇಂಗಾಲ ಶೇ. 1ರಷ್ಟು ಸೇರಿದರೆ ಹತ್ತೇ ವರ್ಷ ಕಿರಿದಾಗುತ್ತದೆ. ಗೆದ್ದಲಿಗೆಂದು ಬಳಿದ ಸೀಮೆಎಣ್ಣೆಯದು ಅಷ್ಟೇ ಉಳಿದರೂ 80 ವರ್ಷ ಹಿರಿದಾಗುತ್ತದೆ, ಏಕೆಂದರೆ ಪೆಟ್ರೋಲಿಯಂನಲ್ಲಿ ಇಂಗಾಲ-14 ಉಳಿದೇ ಇಲ್ಲ. ಪೆಟ್ರೋಲಿಯಂನಿಂದ ಮಾಡಿದ ಮೇಣ, ವಾರ್ನಿಶ್ ಕಥೆಯೂ ಅದೇ. ಮಾಮೂಲಿ ಆಮ್ಲ-ಕ್ಷಾರದ ತೊಳೆತಕ್ಕೆ ಇವು ಬಿಡುವುದಿಲ್ಲ, ದ್ರಾವಕ ಬೇಕು. ಏನೇನು ಬಳಿದಿದ್ದಾರೆಂದು ಮನೆಯ ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದು ಕಳಿಸಿ. ಇದನ್ನು ಮುಚ್ಚಿಡುವವರೇ ಜಾಸ್ತಿ.

ಹೊಸ ಬ್ಲೇಡಿನಿಂದ ಮೇಲ್ಪದರ ಹೆರೆದು ಬಿಸಾಡಿ, ಒಳಗಿನದನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಗಾಜಿನ ಸೀಸೆಗೆ ಹಾಕಿ. ಹತ್ತಿ, ಪ್ಲಾಸ್ಟಿಕ್ ಕೊಟ್ಟೆ, ನುಸಿಗುಳಿಗೆ ಹತ್ತಿರ ಸುಳಿಯಬಾರದು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಡಿಸೆಂಬರ್ ನಂತರ ತೆಗೆಯುವುದೇ ಲೇಸು. ತೆಗೆದ ಜಾಗದ ಫೋಟೋವನ್ನು ಸ್ಕೇಲ್ ಇಟ್ಟು ಹೊಡೆಯಿರಿ.

ಎರಡೂ ಪಾದುಕೆಗಳಿಂದ ಒಂದೊಂದು ಚೂರು ತೆಗೆಯಿರಿ. 1988ರಲ್ಲಿ ಇಟಲಿಯ ಟ್ಯೂರಿನ್ ವಸ್ತ್ರವನ್ನು (ಯೇಸುವಿನ ಶವಕ್ಕೆ ಹೊದೆಸಿದ್ದೆಂದು ನಂಬುವ ಬಟ್ಟೆ) ಆಕ್ಸ್‌ಫರ್ಡ್, ಜ್ಯೂರಿಚ್, ಅರಿಜೋನಾ ಮೂರೂ ಕಡೆ ಪರೀಕ್ಷಿಸಿ 1260–1390 ಎಂದರು. ಆದರೂ ಮೂರೂ ಚೂರು ಒಂದೇ ಮೂಲೆಯವು ಎಂಬ ತಕರಾರು ಇನ್ನೂ ಮುಗಿದಿಲ್ಲ.